ಪಶುಪತಿನಾಥನ ಯಾತ್ರೆಗೆ ಹೊರಟಿರಾ? ರೊಕ್ಕದ ಗಂಟು ಗಟ್ಟಿ ಮಾಡಿಕೊಳ್ಳಿ

ಪ್ರವಾಸ ಎಂದ ಕೂಡಲೇ ನಮಗೆ ಮೊದಲು ನೆನಪಾಗುವುದು ಬುತ್ತಿ, ಅಲ್ಲವೇ ಸೋದರಿಯರೇ? ದಶಮಿ ಎಷ್ಟು ಮಾಡಬೇಕು, ಶೇಂಗಾ ಚಟ್ನಿ ಎಷ್ಟು ದಿನ ತಡೆಯುತ್ತದೆ, ಗೋಕಾಕದಿಂದ ಕರದಂಟು ಎಷ್ಟು ತರಿಸಬೇಕು, ಇದರಲ್ಲೇ ವಾರ ಕಳೆದುಹೋಗುತ್ತದೆ. ಯಾರಾದರೂ ರೊಕ್ಕದ ಮಾತು ತೆಗೆದರೆ "ಅದನ್ನ ಅವರು ನೋಡ್ಕೋತಾರ" ಎಂದು ಹೇಳಿ ಮತ್ತೆ ಒಲೆಯ ಕಡೆ ತಿರುಗುತ್ತೇವೆ.

ನಾನೂ ಹಾಗೇ ಇದ್ದವಳು. ಕೊಣ್ಣೂರಿನಂಥ ಊರಲ್ಲಿರುವ ನಮಗೆ ಯಾತ್ರೆ ಹೊಸದಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡ, ಕೊಲ್ಹಾಪುರದ ಮಹಾಲಕ್ಷ್ಮಿ, ಜ್ಯೋತಿಬಾ, ಪಂಢರಪುರ ಎಲ್ಲ ಆಗಿವೆ. ಭಾಷೆ ಬದಲಾದರೂ ರೊಕ್ಕ ಬದಲಾಗುತ್ತಿರಲಿಲ್ಲ. ಇಲ್ಲಿಯ ಹತ್ತರ ನೋಟು ಅಲ್ಲಿಯೂ ಹತ್ತೇ. ಆದರೆ ಕಾಶಿಗೆ ಹೋದವರು ಈಗ ಅಲ್ಲಿಗೇ ನಿಲ್ಲುವುದಿಲ್ಲ. ಅಯೋಧ್ಯೆ, ಗೋರಖಪುರ ದಾಟಿ ನೇಪಾಳದ ಪಶುಪತಿನಾಥ, ಮುಕ್ತಿನಾಥ ನೋಡಿಕೊಂಡೇ ಬರುತ್ತಾರೆ. ನಮ್ಮವರಿಗೆ ವೀಸಾ ಬೇಡ, ಬಸ್ಸಿನಲ್ಲೇ ಗಡಿ ದಾಟಬಹುದು. ಹಾಗಾಗಿ ಅದು ಬೇರೆ ದೇಶ ಎಂಬುದೇ ನಮಗೆ ಮರೆತುಹೋಗುತ್ತದೆ. ದುಡ್ಡೇ ದೊಡ್ಡಪ್ಪ ಅನ್ನುತ್ತಾರೆ. ಆದರೆ ಗಡಿ ದಾಟಿದ ಮೇಲೆ ಆ ದೊಡ್ಡಪ್ಪನ ಗುರುತು ಎಲ್ಲರಿಗೂ ಇರುವುದಿಲ್ಲ!

ನನಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ನಿಮಗೆ ಆ ಪೆಟ್ಟು ಬೇಡ ಎಂದೇ ಇಷ್ಟು ಬರೆಯುತ್ತಿದ್ದೇನೆ.

ಗಡಿಯಲ್ಲಿ ಆದದ್ದು

2023ರ ಮಾರ್ಚ್ ತಿಂಗಳು. ನಮ್ಮ ಓಣಿಯ ಇಪ್ಪತ್ತೆರಡು ಮಂದಿ ಗೋಕಾಕ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದೆವು. ಯಜಮಾನರು, ಅತ್ತಿ, ನಾನು. ಪಕ್ಕದ ಮನೆಯ ಆಯಿ ಒಬ್ಬರೇ ಬಂದಿದ್ದರು. ಅವರಿಗೆ ಎಪ್ಪತ್ತೈದು ದಾಟಿದೆ, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಜೀವನ ಮಾಡಿದವರು.

ಯಾತ್ರೆ ಹೊರಡಿಸಿದವರು ಮೊದಲೇ ಹೇಳಿದ್ದರು: "ರೊಕ್ಕದ ಚಿಂತಿ ಬ್ಯಾಡ್ರಿ. ನೇಪಾಳದಾಗ ನಮ್ಮ ರೊಕ್ಕಾನೇ ನಡೀತೈತಿ." ಯಜಮಾನರು ಎಟಿಎಂನಿಂದ ಐನೂರರ ನೋಟುಗಳನ್ನು ತೆಗೆದು ಒಳಗಿನ ಕಿಸೆಯಲ್ಲಿ ಇಟ್ಟುಕೊಂಡರು. ನನ್ನ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆಗೆ ಎರಡೇ ಐನೂರರ ನೋಟು. "ನಿನಗ್ಯಾಕ ಬೇಕು, ನಾ ಇದ್ದೇನಲ್ಲ" ಎಂದರು. ಹೌದಲ್ಲ ಎಂದು ನಾನೂ ಸುಮ್ಮನಾದೆ.

ಗೋರಖಪುರದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ ಹೋದರೆ ಸೋನೌಲಿ ಗಡಿ. ಈಚೆ ಉತ್ತರ ಪ್ರದೇಶ, ಕಮಾನು ದಾಟಿದರೆ ನೇಪಾಳ. ಬಸ್ಸು ನಿಂತ ಕೂಡಲೇ ಒಬ್ಬ ಹುಡುಗ ಮೇಲೆ ಹತ್ತಿ ಬಂದ. ಕೈಯಲ್ಲಿ ನೇಪಾಳದ ನೋಟಿನ ಕಟ್ಟು. "ಐನೂರರ ನೋಟು ಮುಂದೆ ಯಾರೂ ತಗೊಳ್ಳುವುದಿಲ್ಲ, ನಾನು ತಗೊಳ್ತೇನೆ, ನೂರಕ್ಕೆ ನೂರಾ ಐವತ್ತು" ಎಂದು ಹಿಂದಿಯಲ್ಲಿ ಹೇಳಿದ. ಡ್ರೈವರ ಹಾರ್ನು ಬಾರಿಸುತ್ತಿದ್ದ. ಎಲ್ಲರಿಗೂ ಅವಸರ. ಯಜಮಾನರು ಐದು ಸಾವಿರ ಕೊಟ್ಟರು. ಆತ ಪರಪರ ಎಣಿಸಿ ಕೊಟ್ಟು ಇಳಿದುಹೋದ.

ಬಸ್ಸು ಎರಡು ಮೈಲು ಹೋದ ಮೇಲೆ ಎಣಿಸಿದೆವು. ಐನೂರರ ಹದಿನೈದು ನೋಟು ಇರಬೇಕಿತ್ತು, ಹದಿನಾಲ್ಕೇ ಇದ್ದವು. ಒಂದನ್ನು ನಡುವೆ ಮಡಚಿ ಎರಡು ಸಲ ಎಣಿಸಿದ್ದ! ಅದಕ್ಕಿಂತ ದೊಡ್ಡ ಮಾತು ಕಾಠ್ಮಂಡುವಿನಲ್ಲಿ ಗೊತ್ತಾಯಿತು. ನಿಜವಾದ ದರ ನೂರಕ್ಕೆ ನೂರಾ ಐವತ್ತಲ್ಲ, ನೂರಾ ಅರವತ್ತು. ಐದು ಸಾವಿರಕ್ಕೆ ಎಂಟು ಸಾವಿರ ಬರಬೇಕಿತ್ತು, ಬಂದದ್ದು ಏಳು. ಯಜಮಾನರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ನಾನೂ ಏನೂ ಅನ್ನಲಿಲ್ಲ. ಯಾತ್ರೆಯಲ್ಲಿ ಜಗಳ ಬೇಡ ಎಂದು.

ಕಾಠ್ಮಂಡುವಿನ ಆ ರಾತ್ರಿ

ಹೋದದ್ದು ರೊಕ್ಕ ಅಷ್ಟೇ, ಮರೆತುಬಿಡಬಹುದಿತ್ತು. ಆದರೆ ಕಾಠ್ಮಂಡು ಮುಟ್ಟಿದ ದಿನ ಸಂಜೆ ಅತ್ತಿಗೆ ವಾಂತಿ-ಭೇದಿ ಸುರುವಾಯಿತು. ಗಂಡಸರೆಲ್ಲ ಪಶುಪತಿನಾಥನ ಆರತಿ ನೋಡಲು ಹೋಗಿದ್ದರು. ನಾನು, ಅತ್ತಿ, ಕಾಲುನೋವೆಂದು ಉಳಿದಿದ್ದ ಆಯಿ, ಮೂವರೇ ವಸತಿಗೃಹದಲ್ಲಿ. ಯಜಮಾನರ ಮೊಬೈಲಿಗೆ ಮಾಡಿದರೆ ಹತ್ತುತ್ತಿಲ್ಲ. ನಮ್ಮ ಸಿಮ್ಮು ಅಲ್ಲಿ ನಡೆಯಬೇಕಾದರೆ ಊರಲ್ಲೇ ಹೇಳಿ ರೋಮಿಂಗ್ ಹಾಕಿಸಬೇಕಂತೆ. ಅದು ನಮಗೆ ಯಾರಿಗೆ ಗೊತ್ತು?

ಎದುರಿನ ಔಷಧದಂಗಡಿಗೆ ಓಡಿದೆ. ಅಂಗಡಿಯಾತ ಒಳ್ಳೆಯವನೇ. ಗುಳಿಗೆ, ನೀರಿಗೆ ಹಾಕುವ ಉಪ್ಪು-ಸಕ್ಕರೆಯ ಪೊಟ್ಟಣ ಎಲ್ಲ ಕಟ್ಟಿ ಇಟ್ಟ. 480 ರೂಪಾಯಿ ಎಂದ. ಸಂಚಿಯಿಂದ ಐನೂರರ ನೋಟು ತೆಗೆದು ಕೊಟ್ಟೆ. ಆತ ಅದನ್ನು ಮುಟ್ಟಲೂ ಇಲ್ಲ. ತಲೆ ಅಲ್ಲಾಡಿಸಿ, ಭಾರತದ ಐನೂರರ ನೋಟು ತೆಗೆದುಕೊಳ್ಳುವಂತಿಲ್ಲ ಎಂದ. ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿಯೂ ಅದೇ ಮಾತು. ಕೈಯಲ್ಲಿ ಸಾವಿರ ರೂಪಾಯಿ ಹಿಡಿದುಕೊಂಡು, ಮುನ್ನೂರರ ಔಷಧಕ್ಕೆ ಗತಿಯಿಲ್ಲದೆ ಬೀದಿಯಲ್ಲಿ ನಿಂತಿದ್ದೆ. ಆ ಹೊತ್ತನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಮರಳಿ ಬಂದು ಅಳುತ್ತ ಹೇಳಿದೆ. ಆಯಿ ಏನೂ ಮಾತಾಡದೆ ಸೆರಗು ಸರಿಸಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯ ಚೀಲ ಬಿಚ್ಚಿದರು. ಒಳಗೆ ನೂರರ ನೋಟುಗಳು, ನಲವತ್ತಾದರೂ ಇದ್ದವು. ಎಲ್ಲ ಒಂದೇ ಮುಖವಾಗಿ ಜೋಡಿಸಿದ್ದವು.

"ಹಾಲಿನ ವ್ಯಾಪಾರದಾಗ ಐನೂರ ನೋಟಿಗೆ ಚಿಲ್ರಿ ಯಾರ ಕೊಡ್ತಾರ ತಂಗಿ? ಅದಕ್ಕ ನಾ ಯಾವಾಗಲೂ ಸಣ್ಣ ನೋಟಾನೇ ಇಡೂದು. ತಗೋ, ಓಡು."

ಮೂರು ನೂರರ ನೋಟು. ಅಂಗಡಿಯಾತ ನಕ್ಕು ತೆಗೆದುಕೊಂಡ, ಲೆಕ್ಕ ಸರಿಹೋಯಿತು. ನಡುರಾತ್ರಿಯ ಹೊತ್ತಿಗೆ ಅತ್ತಿ ಕಣ್ಣು ಬಿಟ್ಟು "ಚಾ ಇದ್ರ ಕೊಡವಾ" ಎಂದರು. ಯಜಮಾನರು ಬಂದು ಎಲ್ಲ ಕೇಳಿದರು. ಮರುದಿನ ಬೆಳಿಗ್ಗೆ ನಾನು ಕೇಳದೆಯೇ ಐನೂರರ ನಾಲ್ಕು ನೇಪಾಳಿ ನೋಟು ನನ್ನ ಕೈಯಲ್ಲಿಟ್ಟು "ಇದು ನಿನ್ನ ಹತ್ರಾನೇ ಇರ್ಲಿ" ಎಂದರು. ಆಯಿಯ ಮುನ್ನೂರನ್ನು ನಾನೇ ತೀರಿಸಿದೆ.

ನೂರರ ನೋಟೇ ಏಕೆ?

ಈ ಐನೂರರ ಕಥೆ ಏನು ಎಂದು ಊರಿಗೆ ಬಂದ ಮೇಲೆ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಂಡೆ. 2015ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಯಾತ್ರಿಕರಿಗೆ ಐನೂರು, ಸಾವಿರದ ನೋಟುಗಳನ್ನು 25,000 ರೂಪಾಯಿಯ ತನಕ ನೇಪಾಳಕ್ಕೆ ಒಯ್ಯಲು ಬಿಟ್ಟಿತ್ತು. ಮರುವರ್ಷ, 2016ರ ನವೆಂಬರ್ 8ರ ರಾತ್ರಿ, ಆ ನೋಟುಗಳೇ ರದ್ದಾದವು. ಅಂದು ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿದ್ದ ನೋಟುಗಳನ್ನು ಹಿಡಿದು ನಾವು ಸಾಲಿನಲ್ಲಿ ನಿಂತದ್ದು ನೆನಪಿದೆಯಲ್ಲ? ನೇಪಾಳದ ಮನೆಗಳಲ್ಲಿಯೂ ಭಾರತದ ದೊಡ್ಡ ನೋಟುಗಳಿದ್ದವು. ಅವರಿಗೆ ನಿಲ್ಲಲು ಸಾಲೂ ಇರಲಿಲ್ಲ. ಕೂಡಿಟ್ಟ ನೋಟು ಕಾಗದವಾಯಿತು. ಮುಂದೆ 2018ರ ಡಿಸೆಂಬರಿನಲ್ಲಿ ನೇಪಾಳ ಸರಕಾರ ನೂರಕ್ಕಿಂತ ದೊಡ್ಡ ಭಾರತದ ನೋಟುಗಳನ್ನೆಲ್ಲ ನಿಷೇಧಿಸಿತು. ಔಷಧದಂಗಡಿಯಾತ ನನ್ನ ನೋಟನ್ನು ಮುಟ್ಟದೇ ಇದ್ದುದರಲ್ಲಿ ತಪ್ಪೇನೂ ಇರಲಿಲ್ಲ. ತಿಳಿಯದೇ ಹೋದದ್ದು ನಮ್ಮ ತಪ್ಪು.

ಈ ನಿಯಮವನ್ನು ಸಡಿಲಿಸುವ ಮಾತು ಇತ್ತೀಚೆಗೆ ಎರಡೂ ದೇಶಗಳ ಕಡೆಯಿಂದ ಬಂದಿದೆ. ಇಂಥ ನಿಯಮಗಳು ಬಿಗಿಯಾಗುವುದೂ ಸಡಿಲಾಗುವುದೂ ಇದ್ದದ್ದೇ. ಅದಕ್ಕೇ ಹೊರಡುವ ವಾರ ನಿಮ್ಮ ಬ್ಯಾಂಕಿಗೆ ಹೋಗಿ, ಈಗ ಏನು ನಡೆಯುತ್ತದೆ ಎಂದು ಕೇಳಿಬಿಡಿ. ನಿಯಮ ಏನೇ ಇರಲಿ, ನೂರರ ನೋಟಿಗೆ ಅಲ್ಲಿ ತಕರಾರಿಲ್ಲ. ಹತ್ತು ಸಾವಿರ ಒಯ್ಯುವುದಾದರೆ ನೂರರ ಒಂದು ಕಟ್ಟು. ವಾರ ಮೊದಲೇ ಹೇಳಿಟ್ಟರೆ ಬ್ಯಾಂಕಿನವರು ತೆಗೆದಿಡುತ್ತಾರೆ. ಹರಿದ, ಅಂಟಿಸಿದ, ಬರೆದ ನೋಟುಗಳನ್ನು ಅಲ್ಲೇ ಬದಲಿಸಿಕೊಳ್ಳಿ.

ಹತ್ತಾಣೆಯ ಲೆಕ್ಕ

ನಮ್ಮ ನೂರು ರೂಪಾಯಿಗೆ ನೇಪಾಳದ ನೂರಾ ಅರವತ್ತು. 1993ರಿಂದ ಇದೇ ದರ, ಡಾಲರಿನ ಹಾಗೆ ದಿನಾ ಏರುವುದಿಲ್ಲ, ಇಳಿಯುವುದಿಲ್ಲ. ಇಷ್ಟು ಒಂದು ಬಾಯಿಪಾಠವಾದರೆ ಯಾರೂ ನಿಮಗೆ ಮೋಸ ಮಾಡಲಾರರು. ನಮ್ಮ ಐವತ್ತಕ್ಕೆ ಅವರ ಎಂಬತ್ತು, ಐನೂರಕ್ಕೆ ಎಂಟು ನೂರು, ಸಾವಿರಕ್ಕೆ ಸಾವಿರದ ಆರು ನೂರು.

ಆದರೆ ಅಂಗಡಿಯಲ್ಲಿ ಲೆಕ್ಕ ತಿರುಗುಮುರುಗು ಆಗುತ್ತದೆ. ಆತ ನೇಪಾಳದ ಬೆಲೆ ಹೇಳುತ್ತಾನೆ, ನಮಗೆ ಅದು ನಮ್ಮ ರೊಕ್ಕದಲ್ಲಿ ಎಷ್ಟು ಎಂದು ತಿಳಿಯಬೇಕು. ನಾನು ಬೆರಳು ಮಡಚುತ್ತ ಕುಳಿತಿದ್ದಾಗ ಆಯಿ ಹೇಳಿಕೊಟ್ಟರು: "ನೂರಾ ಅರವತ್ತಕ್ಕ ನೂರು ಅಂದ್ರ, ಹದಿನಾರಕ್ಕ ಹತ್ತು. ಅವರ ರೂಪಾಯಿ ನಮ್ಮ ಹತ್ತಾಣೆ ಆತಲ್ಲ!" ನಿಜ. ಹಿಂದೆ ಹದಿನಾರಾಣೆಗೆ ಒಂದು ರೂಪಾಯಿ ಇತ್ತು. ನೇಪಾಳದ ಒಂದು ರೂಪಾಯಿ ಎಂದರೆ ಸರಿಯಾಗಿ ನಮ್ಮ ಹತ್ತಾಣೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆಣೆಯ ಲೆಕ್ಕ ಗೊತ್ತಿಲ್ಲದವರು ಹೀಗೆ ಮಾಡಿ: ಬೆಲೆಯನ್ನು ಎಂಟು ಪಾಲು ಮಾಡಿ, ಐದು ಪಾಲು ಇಟ್ಟುಕೊಳ್ಳಿ. 800 ಎಂದರೆ ನೂರರ ಎಂಟು ಪಾಲು, ಐದು ಪಾಲು ಸೇರಿದರೆ ನಮ್ಮ 500. ಹಾಗೇ 400 ಎಂದರೆ 250. ಗಡಿಯಲ್ಲಿ ನಾವು ಕಳೆದುಕೊಂಡ ಅವರ ಸಾವಿರ ನಮ್ಮ 625 ಆಯಿತು.

ಇನ್ನೊಂದು ಮಾತು ಬಹಳ ಮುಖ್ಯ. ಅಲ್ಲಿಯದೂ ರೂಪಾಯಿಯೇ, ಇಲ್ಲಿಯದೂ ರೂಪಾಯಿಯೇ. ರುದ್ರಾಕ್ಷಿ ಮಾಲೆಗೆ 800 ಎಂದರೆ ಯಾವ ರೂಪಾಯಿ? ಗಡಿಯ ಊರುಗಳಲ್ಲಿ ಭಾರತದ ರೊಕ್ಕಕ್ಕೆ ಐಸಿ ಎನ್ನುತ್ತಾರೆ, ನೇಪಾಳದ್ದಕ್ಕೆ ಎನ್‌ಸಿ. ನೇಪಾಳಿಯಲ್ಲಿ ಭಾರು ಎಂದರೂ ಭಾರತದ ರೂಪಾಯಿಯೇ. ಬೆಲೆ ಕೇಳಿದ ಕೂಡಲೇ "ಐಸಿಯೋ ಎನ್‌ಸಿಯೋ?" ಎಂದು ಕೇಳಿ. ವಸ್ತು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿ. ರಿಕ್ಷಾ ಹತ್ತುವ ಮೊದಲೂ ಕೇಳಿ. ಐಸಿ ಎಂದು ತಿಳಿದು ಎನ್‌ಸಿಯ ಬೆಲೆ ಕೊಟ್ಟರೆ ನೂರಕ್ಕೆ ಮೂವತ್ತೇಳೂವರೆ ರೂಪಾಯಿ ಕೈಬಿಟ್ಟಂತೆ.

ನೋಟಿನ ಗುರುತು ಕಷ್ಟವಲ್ಲ. ಒಂದು ಮೈಗೆ ಎವರೆಸ್ಟ್ ಶಿಖರ, ಇನ್ನೊಂದು ಮೈಗೆ ಪ್ರಾಣಿಗಳು. ನೂರಕ್ಕೆ ಖಡ್ಗಮೃಗ, ಐನೂರಕ್ಕೆ ಹುಲಿ, ಸಾವಿರಕ್ಕೆ ಆನೆ. ಅಂಕಿಗಳು ದೇವನಾಗರಿಯಲ್ಲಿ ಇರುತ್ತವೆ. ನಮ್ಮ ಬೆಳಗಾವಿ ಜಿಲ್ಲೆಯ ಹೆಣ್ಣುಮಕ್ಕಳಿಗೆ ಮರಾಠಿ ಕ್ಯಾಲೆಂಡರು ನೋಡಿ ಅಭ್ಯಾಸ ಇದ್ದೇ ಇರುತ್ತದೆ. ಈ ವಿಷಯದಲ್ಲಿ ನಾವು ಬೆಂಗಳೂರಿನವರಿಗಿಂತ ಒಂದು ಕೈ ಮೇಲೇ!

ಎಲ್ಲಿ ಬದಲಿಸಬೇಕು?

ಬಸ್ಸಿನೊಳಗೆ ಬೇಡ, ಬೀದಿಯಲ್ಲಿ ಬೇಡ, ಕತ್ತಲಾದ ಮೇಲೆ ಬೇಡ. ಸೋನೌಲಿಯಲ್ಲಿಯೂ, ಬಿಹಾರದ ಕಡೆಯಿಂದ ಹೋದರೆ ರಕ್ಸೌಲ್ ದಾಟಿದ ಬೀರಗಂಜಿನಲ್ಲಿಯೂ, ನೇಪಾಳದ ಬದಿಗೆ ಲೈಸೆನ್ಸ್ ಇರುವ ಹಣ ಬದಲಿಸುವ ಅಂಗಡಿಗಳೂ ಬ್ಯಾಂಕುಗಳೂ ಇವೆ. ದರ ಬರೆದ ಹಲಗೆ ಇರುತ್ತದೆ. ರಸೀದಿ ಕೊಡುತ್ತಾರೆ. ಕೊಡದಿದ್ದರೆ ಕೇಳಿ. ಡ್ರೈವರ ಅವಸರ ಮಾಡಿದರೆ, ಹದಿನೈದು ನಿಮಿಷ ನಿಲ್ಲಿಸಲೇಬೇಕು ಎಂದು ಎಲ್ಲರೂ ಸೇರಿ ಹೇಳಿ. ಮೋಸಕ್ಕೆ ಅವಸರವೇ ಬಂಡವಾಳ.

ಇಬ್ಬರು ಹೋಗಿ. ಒಬ್ಬರು ಎಣಿಸಿದ ಮೇಲೆ ಇನ್ನೊಬ್ಬರು ಅಲ್ಲೇ, ಕಟ್ಟೆಯ ಮೇಲೆ ಒಂದೊಂದೇ ನೋಟು ಇಟ್ಟು ಮತ್ತೊಮ್ಮೆ ಎಣಿಸಲಿ. ನಾಚಿಕೆ ಬೇಡ. ಕಾಯಿಪಲ್ಲೆ ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡುವವರು ನಾವು, ಇಲ್ಲಿ ಯಾಕೆ ನೋಡಬಾರದು? ಎಲ್ಲವನ್ನೂ ಒಮ್ಮೆಲೇ ಬದಲಿಸಲೂ ಬೇಡಿ. ವಸತಿ, ಊಟ ಯಾತ್ರೆಯವರದ್ದೇ ಆದರೆ ನಮ್ಮ ಕೈಖರ್ಚು ಎಷ್ಟು? ಚಾ, ಔಷಧ, ಹೂವು-ಹಣ್ಣು, ರಿಕ್ಷಾ, ನಾಲ್ಕು ರುದ್ರಾಕ್ಷಿ. ಅದರಷ್ಟು ಮಾತ್ರ. ಬದಲಿಸುವಾಗ ನೂರು, ಐವತ್ತು, ಇಪ್ಪತ್ತರ ನೋಟುಗಳನ್ನೂ ಬೇಡಿ. ಚಿಲ್ಲರೆಗೆ ಅಲ್ಲಿ ಖುದ್ರಾ ಎನ್ನುತ್ತಾರೆ. ಆ ಒಂದು ಮಾತು ಕಲಿತು ಹೋಗಿ, ದಿನಕ್ಕೆ ಹತ್ತು ಸಲ ಉಪಯೋಗಕ್ಕೆ ಬರುತ್ತದೆ.

ಶನಿವಾರ ನೇಪಾಳದಲ್ಲಿ ಬ್ಯಾಂಕಿಗೆ ರಜೆ. ಮುಕ್ತಿನಾಥಕ್ಕೆ ಹೋಗುವವರು ಪೋಖರಾದಲ್ಲೇ ಸಣ್ಣ ನೋಟು ಮಾಡಿಟ್ಟುಕೊಳ್ಳಿ. ಮುಕ್ತಿನಾಥ ಇರುವುದು 3,700 ಮೀಟರಿಗಿಂತ ಎತ್ತರದಲ್ಲಿ. ಅಲ್ಲಿ ಉಸಿರು ಹಿಡಿಯುವುದೇ ಕೆಲಸ, ಚಿಲ್ಲರೆ ಹುಡುಕುವುದು ಆಗದು. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ನಿಮ್ಮ ಬಳಿಯೇ ಇರಲಿ. ಆಧಾರ ಒಂದನ್ನೇ ನಂಬಬೇಡಿ.

ಕಾರ್ಡು, ಮೊಬೈಲು ನಡೆಯುವುದಿಲ್ಲವೇ?

ನಡೆಯುತ್ತವೆ, ಆದರೆ ತಯಾರಿ ಬೇಕು. ನಮ್ಮ ರುಪೇ ಕಾರ್ಡು ನೇಪಾಳದಲ್ಲಿ 2022ರ ಏಪ್ರಿಲ್‌ನಲ್ಲಿ ಸುರುವಾಯಿತು. ಆದರೂ ಹೊರದೇಶದಲ್ಲಿ ಬಳಸಲು ಕಾರ್ಡನ್ನು ತೆರೆದಿಡಬೇಕು ಎಂದು ನಿಮ್ಮ ಬ್ಯಾಂಕಿಗೆ ಹೇಳಬೇಕಾಗುತ್ತದೆ. ಹೇಳದಿದ್ದರೆ ಯಂತ್ರ ಕಾರ್ಡನ್ನು ಉಗುಳುತ್ತದೆ. ಪ್ರತಿಸಲ ತೆಗೆದಾಗಲೂ ಖರ್ಚು ಬೀಳುತ್ತದೆ, ಹಾಗಾಗಿ ಐದು ಸಲ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಮ್ಮೆ ಬೇಕಾದಷ್ಟು ತೆಗೆಯಿರಿ. ಬ್ಯಾಂಕಿನ ಕಟ್ಟಡದಲ್ಲೇ ಇರುವ ಎಟಿಎಂಗೆ, ಹಗಲು ಹೊತ್ತು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಕಾರ್ಡು ಸಿಕ್ಕಿಹಾಕಿಕೊಂಡರೆ ಕೇಳಲು ಒಳಗೆ ಮನುಷ್ಯರಿರುತ್ತಾರೆ. ನಂಬರ ಒತ್ತುವಾಗ ಇನ್ನೊಂದು ಕೈಯನ್ನು ಮರೆ ಹಿಡಿಯಿರಿ. ಸಹಾಯ ಮಾಡಲು ಬಂದ ಅಪರಿಚಿತರಿಗೆ ಒಂದು ನಮಸ್ಕಾರ ಸಾಕು.

ಮೊಬೈಲಿನಿಂದ ಚೌಕಳಿ ಚಿತ್ರ ತೋರಿಸಿ ಕೊಡುವ ಯುಪಿಐ ವ್ಯವಸ್ಥೆ 2024ರ ಮಾರ್ಚ್‌ನಿಂದ ಅಲ್ಲಿಯ ಫೋನ್‌ಪೇ ಎಂಬ ಕಂಪನಿಯ ಅಂಗಡಿಗಳಲ್ಲಿ ಬಂದಿದೆ. ಗಮನಿಸಿ, ಹೆಸರು ಒಂದೇ ಥರ ಕೇಳಿದರೂ ನಮ್ಮ ಊರಿನ ಫೋನ್‌ಪೇ ಬೇರೆ, ಅಲ್ಲಿಯದು ಬೇರೆ. ಮೊಬೈಲಿಗೆ ಅಲ್ಲಿ ಇಂಟರ್ನೆಟ್ ಬೇಕು, ಬ್ಯಾಂಕಿನ ಸಂದೇಶ ಬರಲು ರೋಮಿಂಗ್ ಬೇಕು. ಮಗ ಹಾಕಿಕೊಟ್ಟಿದ್ದಾನೆ ಎಂದು ಇದೊಂದನ್ನೇ ನಂಬಿ ಹೊರಡಬೇಡಿ. ನಮ್ಮ ಮೊಬೈಲು ಹತ್ತದೇ ಇದ್ದ ಆ ಸಂಜೆ ನನಗೆ ನೆನಪಿದೆ.

ಒಂದು ಚೀಲ ಹೊಲಿಯೋಣ

ಆಯಿಯ ಸೊಂಟದ ಚೀಲ ನೋಡಿದ ಮೇಲೆ ನಾನೂ ಒಂದು ಹೊಲಿದೆ. ಹಳೆಯ ಲಂಗದ ಗಟ್ಟಿ ಹತ್ತಿ ಬಟ್ಟೆ ಸಾಕು. ಹದಿಮೂರು ಇಂಚು ಉದ್ದ, ಎಂಟು ಇಂಚು ಅಗಲದ ತುಂಡು ಕತ್ತರಿಸಿ. ಒಂದು ತುದಿಯನ್ನು ಅಂಚು ಮಡಚಿ ಹೊಲಿದು, ಆ ಕಡೆಯಿಂದ ನಾಲ್ಕೂವರೆ ಇಂಚು ಮೇಲಕ್ಕೆ ಮಡಚಿ, ಎರಡೂ ಬದಿ ಎರಡೆರಡು ಹೊಲಿಗೆ ಹಾಕಿ. ಉಳಿದ ಭಾಗ ಮುಚ್ಚಳಕ್ಕೆ. ಮುಚ್ಚಳಕ್ಕೆ ಎರಡು ಪ್ರೆಸ್ ಬಟನ್ ಇರಲಿ. ನೂರರ ಹೊಸ ನೋಟು ಉದ್ದಕ್ಕೆ ಐದೂವರೆ ಇಂಚಿಗಿಂತ ಸ್ವಲ್ಪ ಹೆಚ್ಚು, ಹಳೆಯದು ಆರು ಇಂಚು ದಾಟುತ್ತದೆ. ಈ ಚೀಲದಲ್ಲಿ ಎರಡೂ ಮಡಚದೆ ಕೂಡುತ್ತವೆ. ಎರಡೂ ಮೂಲೆಗೆ ಲಂಗದ ಲಾಡಿ ಹೊಲಿದು ಸೊಂಟಕ್ಕೆ ಕಟ್ಟಿಕೊಳ್ಳಿ, ಸೀರೆಯ ಒಳಗೆ. ಬೆವರಿಗೆ ನೋಟು ನೆನೆಯದಂತೆ ಹಾಲಿನ ಪಾಕೀಟು ತೊಳೆದು ಒಣಗಿಸಿ ಒಳಗೆ ಇಟ್ಟರೆ ಆಯಿತು.

ಈಗ ರೊಕ್ಕವನ್ನು ಮೂರು ಪಾಲು ಮಾಡಿ. ಒಂದು ಯಜಮಾನರ ಬಳಿ. ಒಂದು ನಿಮ್ಮ ಸೊಂಟದ ಚೀಲದಲ್ಲಿ, ಇದು ಆಪತ್ತಿಗೆ, ಬೀದಿಯಲ್ಲಿ ಬಿಚ್ಚುವುದಲ್ಲ. ಇನ್ನೊಂದು ಚಿಕ್ಕ ಪಾಲು ಕೈಸಂಚಿಯಲ್ಲಿ, ಆ ದಿನದ ಖರ್ಚಿಗಷ್ಟೇ. ಸಂಚಿ ಹೋದರೆ ಒಂದು ದಿನದ ಚಾ ಹೋಯಿತು ಅಷ್ಟೇ. ಅತ್ತಿ ಬಂದಿದ್ದರೆ ಅವರ ಸೊಂಟಕ್ಕೂ ಒಂದು ಚೀಲ, ಅದರಲ್ಲಿ ಐದಾದರೂ ನೂರರ ನೋಟು, ಜೊತೆಗೆ ವಸತಿಗೃಹದ ಹೆಸರು ಬರೆದ ಚೀಟಿ. ಗುಂಪಿನಿಂದ ತಪ್ಪಿಹೋದರೆ ಆ ಚೀಟಿಯೇ ದೇವರು.

ಇದನ್ನು ಓದಿ ನಿಮ್ಮ ಮನೆಯಲ್ಲಿ "ಯಾಕ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂಬ ಮಾತು ಬರಬಹುದು. ಸಿಟ್ಟಾಗಬೇಡಿ. ನಂಬಿಕೆಯ ಪ್ರಶ್ನೆ ಅಲ್ಲವೇ ಅಲ್ಲ. ಎಲ್ಲ ತತ್ತಿಯನ್ನು ಒಂದೇ ಬುಟ್ಟಿಯಲ್ಲಿ ಇಡಬಾರದೆಂದು ಕೋಳಿ ಸಾಕಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಕಿಸೆ ಕತ್ತರಿಸಿದರೆ, ಅವರೇ ಹಾಸಿಗೆ ಹಿಡಿದರೆ, ಪರದೇಶದಲ್ಲಿ ಇಬ್ಬರನ್ನೂ ಕಾಯುವುದು ನಿಮ್ಮ ಚೀಲವೇ.

ಇನ್ನೂ ದೂರ ಹೋಗುವವರಿಗೆ

ನಮ್ಮ ಮಕ್ಕಳು ಈಗ ಎಲ್ಲಿಗೂ ಹೋಗುತ್ತಾರೆ. ಬೆಂಗಳೂರಿನ ಇನ್ಫೋಸಿಸ್ ಕಂಪನಿ 2007ರಲ್ಲಿಯೇ ಮೆಕ್ಸಿಕೋ ದೇಶದ ಮಾಂಟೆರ್ರೆ ಊರಲ್ಲಿ ಕಚೇರಿ ತೆರೆದಿದೆ. ಅಲ್ಲಿಯ ರೊಕ್ಕ ಪೆಸೊ. ಆದರೆ ಬೆಲೆ ಬರೆಯುವಾಗ ಅಮೆರಿಕದ ಡಾಲರಿಗೆ ಹಾಕುವ ಗುರುತನ್ನೇ ಹಾಕುತ್ತಾರೆ! ಅಲ್ಲಿಯೂ ಕೇಳಬೇಕಾದ್ದು ನಮ್ಮ ಐಸಿ-ಎನ್‌ಸಿಯಂಥ ಪ್ರಶ್ನೆಯೇ: "ಪೆಸೊವೋ ಡಾಲರೋ?" ವಿಮಾನ ನಿಲ್ದಾಣದ ಮೊದಲ ಅಂಗಡಿಯಲ್ಲೇ ಎಲ್ಲವನ್ನೂ ಬದಲಿಸಬೇಡಿ, ಬ್ಯಾಂಕಿನೊಳಗಿನ ಎಟಿಎಂ ಬಳಸಿ. "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಮಾಡಿ ಕೊಡಲೇ?" ಎಂದು ಯಂತ್ರ ಕೇಳಿದರೆ ಬೇಡ ಎನ್ನಿ. ಆ ಉಪಕಾರದ ದರ ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ದುಬಾರಿ. ಊರು ಯಾವುದಾದರೂ ಬುದ್ಧಿ ಒಂದೇ.

ಮರಳುವ ಮೊದಲು

ನೇಪಾಳದ ನೋಟು ಈಚೆ ಬಂದರೆ ನಮ್ಮ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಗಡಿ ದಾಟುವ ಮೊದಲೇ ಉಳಿದದ್ದನ್ನು ಅದೇ ಥರದ ಅಂಗಡಿಯಲ್ಲಿ ಮರಳಿ ಬದಲಿಸಿಕೊಳ್ಳಿ. ರಸೀದಿ ಇದ್ದರೆ ಕೆಲಸ ಸಲೀಸು. ಮೊಮ್ಮಕ್ಕಳಿಗೆ ತೋರಿಸಲು ಒಂದೆರಡು ಸಣ್ಣ ನೋಟು ಇರಲಿ.

ಇಷ್ಟೆಲ್ಲ ಓದಿ ಹೆದರಬೇಡಿ, ಸೋದರಿಯರೇ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದಿಂದ ಹೋದವರು, ಈ ಪದ್ಧತಿ ಬಹು ಕಾಲದಿಂದ ನಡೆದುಬಂದಿದೆ. ಅಷ್ಟು ದೂರದಲ್ಲಿ ನಮ್ಮ ನಾಡಿನವರ ಕೈಯಿಂದ ತೀರ್ಥ ತೆಗೆದುಕೊಳ್ಳುವಾಗ ಆಗುವ ಸಂತೋಷವನ್ನು ನಾನು ಬರೆಯಲಾರೆ. ನಮ್ಮ ಅತ್ತಿ ಮೂರನೆಯ ದಿನ ತಾವೇ ಎದ್ದು ನಡೆದುಬಂದು ದರ್ಶನ ಮಾಡಿದರು. ಹೊರಗೆ ಬಂದು, ನನ್ನ ಸಂಚಿಯಿಂದ ಅವರ ರೂಪಾಯಿ ಇಪ್ಪತ್ತು ಕೊಟ್ಟು ಹೂವು ಕೊಂಡು ಆಯಿಯ ಮುಡಿಗೆ ಇಟ್ಟರು.

"ಎಷ್ಟಾತ?" ಎಂದು ಕೇಳಿದರು ಆಯಿ.

"ಇಪ್ಪತ್ತ್ರಿ ಆಯಿ" ಎಂದೆ.

"ಐಸಿಯೋ, ಎನ್‌ಸಿಯೋ?"

ಈಗ ನಮ್ಮ ಓಣಿಯಲ್ಲಿ ಯಾರು ಯಾತ್ರೆಗೆ ಹೊರಟರೂ ಹೆಣ್ಣುಮಕ್ಕಳು ಚೀಲದ ಅಳತೆ ಕೇಳಿಕೊಂಡು ಬರುತ್ತಾರೆ. ನೀವೂ ಹೊಲಿದುಕೊಳ್ಳಿ, ನೂರರ ನೋಟು ಜೋಡಿಸಿಕೊಳ್ಳಿ, ಹತ್ತಾಣೆಯ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಆಮೇಲೆ ಧಾರಾಳವಾಗಿ ಬುತ್ತಿ ಕಟ್ಟಿ. ಸುಖವಾಗಿ ಹೋಗಿ ಬನ್ನಿ.